ಹೈದರಾಬಾದಿನಲ್ಲಿ ಕನ್ನಡದ ಜಾಡು

ಊರಿನಿಂದ ನೆಂಟರು ಬಂದರೆ ಹೈದರಾಬಾದನ್ನು ತೋರಿಸುವ ಭಾರ ನಮ್ಮ ಮೇಲೆ ಬೀಳುವುದು ವಾಡಿಕೆ. ಚಾರ್‌ಮಿನಾರ್, ಗೋಲ್ಕೊಂಡ, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ, ಬಿರ್ಲಾ ಮಂದಿರ. ನಡುವೆ ಒಂದು ಹೊತ್ತಿನ ಹೋಟೆಲ್ ಊಟ. ಈ ಪಟ್ಟಿಯು ನಮಗೆ ಬ್ಯಾಂಕಿನ ಲೆಡ್ಜರಿನ ಕಲಮುಗಳಂತೆ ಬಾಯಿಪಾಠವಾಗಿಬಿಟ್ಟಿದೆ. ಕಳೆದ ವರ್ಷ ಹೀಗೆಯೇ ಒಂದು ಸುತ್ತು ಮುಗಿಸಿ ಬರುವಾಗ ನಮ್ಮ ಒಂಬತ್ತು ವರ್ಷದ ಮಗ ಕೇಳಿದ: “ಅಪ್ಪಾ, ಇವೆಲ್ಲಾ ನವಾಬರವು. ನಮ್ಮವರದು ಇಲ್ಲಿ ಏನದ?”

ನಾವು ಒಡನೆಯೇ ಉತ್ತರ ಕೊಡಲಾಗಲಿಲ್ಲ. ನಮ್ಮ ಅಜ್ಜನವರಿಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳವರಿಗೆ ಆಗ ಹೈದರಾಬಾದೇ ರಾಜಧಾನಿ. 1956ರ ನವೆಂಬರ್ 1ರಂದು ಆ ಮೂರೂ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ರಾಜಧಾನಿ ಮಾತ್ರ ಆಂಧ್ರಪ್ರದೇಶದಲ್ಲಿ ಉಳಿಯಿತು. ನಾವು ಯಾವ ದಿನವನ್ನು ಹಬ್ಬವೆಂದು ಆಚರಿಸುತ್ತೇವೆಯೋ ಅದೇ ದಿನ ಈ ನಗರವು ನಮಗೆ ಪರರಾಜ್ಯವಾಯಿತೆಂಬುದನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಮಗನಿಗೆ ಕನ್ನಡ ಮನೆಮಾತು ಮಾತ್ರ. ಓದು ಬರಹವೆಲ್ಲ ತೆಲುಗು, ಇಂಗ್ಲಿಷ್. ಕಲಿಸದಿದ್ದವರು ನಾವೇ. ಬ್ಯಾಂಕಿನ ವರ್ಷಾಂತ್ಯದ ಲೆಕ್ಕ ಅಡ್ಡ ಬಂತೆಂದರೆ ಅದು ಸುಳ್ಳಾದೀತು.

ಅಂತೂ ಭಾನುವಾರಗಳಂದು ಹುಡುಕಾಟಕ್ಕೆ ಹೊರಟೆವು. ನಮ್ಮದು ಸ್ವಂತ ವಾಹನವಿಲ್ಲದ ಸಂಸಾರ. ಆದ್ದರಿಂದ ಬಸ್ಸು, ಮೆಟ್ರೋ, ರೈಲುಗಳು ಎಲ್ಲಿಗೆ ಒಯ್ಯುವುವೋ ಅಲ್ಲಿಯವರೆಗೇ ನಮ್ಮ ಇತಿಹಾಸ.

ಊರಿಗೆ ಹೋಗುವ ಅವಸರದಲ್ಲಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ಓಡದ ಕನ್ನಡಿಗನುಂಟೇ? ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ, ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದೊಳಗೆ, ಒಂದು ಹಳೆಯ ಹುಣಸೆಯ ಮರವಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ನಗರದೊಳಕ್ಕೆ ನುಗ್ಗಿತು. ಸತ್ತವರು ಸುಮಾರು 15,000 ಮಂದಿ ಎನ್ನುತ್ತಾರೆ. ಈ ಮರದ ಕೊಂಬೆಗಳನ್ನು ಹಿಡಿದು ಕುಳಿತು ಸುಮಾರು 150 ಜನರು ಬದುಕಿದರು. ರೋಗಿಗಳ ಕಡೆಯವರು ಇಂದಿಗೂ ಅದರ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ನಾವು ನೂರಾರು ಬಾರಿ ಹತ್ತಿರದಿಂದಲೇ ಹಾದುಹೋಗಿದ್ದರೂ ಒಮ್ಮೆಯೂ ತಲೆಯೆತ್ತಿ ನೋಡಿದವರಲ್ಲ.

ಆ ಪ್ರವಾಹದ ಮರುವರ್ಷ ನಿಜಾಮ ಸರ್ಕಾರವು ಕರೆಸಿಕೊಂಡದ್ದು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಸರ್ಕಾರದ ಸೇವೆಯಿಂದ ಅವರು ಆಗತಾನೆ ನಿವೃತ್ತರಾಗಿದ್ದರು. ನದೀತೀರದಲ್ಲಿ ಎತ್ತರದ ಗೋಡೆಗಳನ್ನು ಕಟ್ಟಿದರೆ ಸಾಲದು, ನಗರಕ್ಕಿಂತ ಮೇಲೆ, ಮೂಸಿಗೂ ಅದರ ಉಪನದಿ ಈಸಿಗೂ ಜಲಾಶಯಗಳನ್ನು ಕಟ್ಟಿ ನೆರೆಯನ್ನು ಅಲ್ಲಿಯೇ ತಡೆಯಬೇಕೆಂಬುದು ಅವರ ಸಲಹೆಯ ತಿರುಳು. ಉಸ್ಮಾನ್‌ಸಾಗರವು 1920ರಲ್ಲಿಯೂ ಹಿಮಾಯತ್‌ಸಾಗರವು 1927ರಲ್ಲಿಯೂ ಮುಗಿದವು. ಅವುಗಳ ನೀರೇ ಬಹುಕಾಲ ನಗರಕ್ಕೆ ಕುಡಿಯುವ ನೀರಾಯಿತು. “ಗಂಡಿಪೇಟೆಯ ನೀರು ಕುಡಿದವನು” ಎಂದು ಹೈದರಾಬಾದಿನವನು ಹೆಮ್ಮೆಪಡುವಾಗ ಆ ನೀರಿನ ಹಿಂದೆ ಇರುವ ಹೆಸರನ್ನು ನಾವಾದರೂ ನೆನೆಯಬೇಡವೇ? ಮೆಹದೀಪಟ್ಟಣದಿಂದ ಬಸ್ಸಿನಲ್ಲಿ ಹೋಗಿ ಕಟ್ಟೆಯ ಬಳಿ ಒಂದು ಸಂಜೆ ಕಳೆಯಬಹುದು. ನಮ್ಮ ಮನೆಯವರು ತಂದಿದ್ದ ಅವಲಕ್ಕಿ ಅಲ್ಲಿಯೇ ಮುಗಿಯಿತು.

ಇನ್ನೊಂದು ಭಾನುವಾರ ಮಿಯಾಪುರದವರೆಗೆ ಮೆಟ್ರೋ, ಮುಂದಕ್ಕೆ ಬಸ್ಸು ಹಿಡಿದು ಪಟಾನ್‌ಚೆರುವಿಗೆ ಹೋದೆವು. ಈಗ ಅಲ್ಲಿ ಕಾರ್ಖಾನೆಗಳ ಹೊಗೆ. ಕಲ್ಯಾಣ ಚಾಲುಕ್ಯರ ಶಾಸನಗಳು ಹೇಳುವ ಪೊಟ್ಟಳಕೆರೆಯ ನೆಲೆವೀಡು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹನ್ನೊಂದನೆಯ ಶತಮಾನದ ಎರಡನೆಯ ಜಯಸಿಂಹನು ಇಲ್ಲಿಂದ ಆಳಿದನಂತೆ. ಅವನ ರಾಣಿ ಸುಗ್ಗಲೆಯು ವಚನಕಾರ ದೇವರ ದಾಸಿಮಯ್ಯನ ಶಿಷ್ಯೆಯೆಂಬ ಕಥೆಯನ್ನು ನಮ್ಮಲ್ಲಿ ಹಿರಿಯರು ಬಲ್ಲರು. ಆ ನೇಕಾರ ಶರಣ ಅರಮನೆಗೆ ಬಂದದ್ದು ನಾವು ಶೇರ್ ಆಟೋಗಾಗಿ ಕಾದ ಈ ಬೀದಿಗಳ ಕಡೆಗೇ ಎಂದರೆ ಮಗನು ನಂಬಲಿಲ್ಲ. ತೋರಿಸಲು ಅಲ್ಲಿ ಹೆಚ್ಚೇನೂ ಉಳಿದಿಲ್ಲ. ದೊರೆತ ಜೈನ ಶಿಲ್ಪಗಳಲ್ಲಿ ಕೆಲವನ್ನು ಪಬ್ಲಿಕ್ ಗಾರ್ಡನ್ಸಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಆದರೆ ಜನ ಅಲ್ಲಿಗೆ ಹೋಗುವುದು ಈಜಿಪ್ಟಿನ ಮಮ್ಮಿಯನ್ನು ನೋಡಲು!

ಕೊನೆಗೆ ಕೊಲನುಪಾಕ. ಸಿಕಂದರಾಬಾದಿನಿಂದ ಕಾಜಿಪೇಟೆಯ ದಾರಿಯ ರೈಲಿನಲ್ಲಿ ಆಲೇರಿಗೆ ಇಳಿದರೆ ಅಲ್ಲಿಂದ ಆರೇಳು ಕಿಲೋಮೀಟರು. ಇದು ನಗರವಲ್ಲ, ಆದರೂ ಬಿಡಲು ಮನಸ್ಸಾಗದು. ಚಾಲುಕ್ಯರ ಕಾಲದಲ್ಲಿ ಇದು ಕೊಲ್ಲಿಪಾಕೆ ಏಳು ಸಾವಿರದ ರಾಜಧಾನಿ. ಚೋಳ ರಾಜೇಂದ್ರನೂ ತನ್ನ ಪ್ರಶಸ್ತಿಯಲ್ಲಿ ಇದನ್ನು ಗೆದ್ದೆನೆಂದು ಕೊಚ್ಚಿಕೊಂಡಿದ್ದಾನೆ. ಜೈನರ ಕುಲ್ಪಾಕ್‌ಜೀ ಬಸದಿಗೆ ದೂರದೂರದ ಯಾತ್ರಿಕರು ಬರುತ್ತಾರೆ. ಸೋಮೇಶ್ವರನ ಗುಡಿಯು ರೇಣುಕಾಚಾರ್ಯರು ಆವಿರ್ಭವಿಸಿದ ತಾಣವೆಂದು ವೀರಶೈವರ ನಂಬಿಕೆ. ಆರನೆಯ ವಿಕ್ರಮಾದಿತ್ಯನ ಕಾಲದವೂ ಸೇರಿ ಅನೇಕ ಕನ್ನಡ ಶಾಸನಗಳು ಈ ಊರಿನಲ್ಲಿ ದೊರೆತಿವೆ.

ಗುಡಿಯ ಆವರಣದಲ್ಲಿ ಒಂದು ಕಲ್ಲಿನ ಮುಂದೆ ಮಗನು ಕುಕ್ಕರಗಾಲಿನಲ್ಲಿ ಕುಳಿತು, ಬೆರಳಿನಿಂದ ‘ನ’, ‘ರ’ ಎಂದು ಎರಡು ಅಕ್ಷರಗಳನ್ನು ಹಿಡಿದೇಬಿಟ್ಟ. ಅಲ್ಲಿದ್ದ ವೃದ್ಧರೊಬ್ಬರು ಅವು ತೆಲುಗು ಅಕ್ಷರಗಳೆಂದರು. ಇವನು ನಮ್ಮ ಮುಖ ನೋಡಿದ. ಅವರ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ಆ ಕಾಲಕ್ಕೆ ಎರಡು ಭಾಷೆಗಳಿಗೂ ಲಿಪಿ ಒಂದೇ ಆಗಿತ್ತು. ಭಾಷೆ ಕನ್ನಡವೆಂದೆವು. ವೃದ್ಧರು ನಕ್ಕು, ಕುಡಿಯಲು ನೀರು ತಂದುಕೊಟ್ಟರು.

ಆಲೇರಿನಲ್ಲಿ ರೈಲು ತಡವಾಯಿತು. ಮಗನು ನಮ್ಮ ಜೇಬಿನ ಪೆನ್ನು ತೆಗೆದುಕೊಂಡು, ಕನ್ನಡದಲ್ಲಿ ಬರೆದು ತೋರಿಸಿರೆಂದು ಕೇಳಿ, ಟಿಕೆಟ್ಟಿನ ಹಿಂಬದಿಯಲ್ಲಿ ತನ್ನ ಹೆಸರನ್ನು ಮೂರು ಬಾರಿ ಬರೆದ. ತಲೆಕಟ್ಟು ಮಾತ್ರ ತೆಲುಗಿನದಾಗಿತ್ತು. ಆ ದಿನ ನಾವು ತಿದ್ದಲಿಲ್ಲ.