ಕುರ್ತಕೋಟಿಯ ಕೂಟಶಾಸನ

ಗದಗ ತಾಲ್ಲೂಕಿನ ಕುರ್ತಕೋಟಿ ಎಂದರೆ ಸಾಹಿತ್ಯದ ಓದುಗರಿಗೆ ನೆನಪಾಗುವುದು ವಿಮರ್ಶಕ ಕೀರ್ತಿನಾಥರ ಹೆಸರು. ಶಾಸನ ಓದುವವರಿಗೆ ನೆನಪಾಗುವುದು ಒಂದು ತಾಮ್ರಪಟ. ಬಾದಾಮಿ ಚಾಲುಕ್ಯರ ಒಂದನೆಯ ವಿಕ್ರಮಾದಿತ್ಯ ಕೊಟ್ಟ ದತ್ತಿ ತಾನೆಂದು ಅದು ಹೇಳಿಕೊಳ್ಳುತ್ತದೆ. ಅದರಲ್ಲಿ ನಮೂದಾದ ಕಾಲ ಶಕವರ್ಷ 530ರ ಆಸುಪಾಸು, ಅಂದರೆ ಕ್ರಿ.ಶ. 610ರ ಸುಮಾರು.

ಲೆಕ್ಕ ಅಲ್ಲೇ ತಪ್ಪುತ್ತದೆ. 610ರ ಹೊತ್ತಿಗೆ ವಿಕ್ರಮಾದಿತ್ಯನ ತಂದೆ ಇಮ್ಮಡಿ ಪುಲಕೇಶಿಯೇ ಆಗಷ್ಟೇ ಪಟ್ಟಕ್ಕೆ ಬಂದಿದ್ದ; ಮಗನ ಸರದಿ ಬಂದದ್ದು 655ರಲ್ಲಿ. ಪಟದ ಅಕ್ಷರಗಳೂ ಆ ಕಾಲದವಲ್ಲ, ಈಚಿನವು. ಮುಂಬೈ ಪ್ರಾಂತದ ಅಧಿಕಾರಿ ಜಾನ್ ಫ್ಲೀಟ್ 1878ರಲ್ಲಿ ಇದನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿ, ಕೃತಕವೆಂದು ತೀರ್ಮಾನಿಸಿದರು.

ಕೃತಕ ಎಂದಮಾತ್ರಕ್ಕೆ ಪಟ ಮೂಲೆಗೆ ಸೇರಬೇಕಿಲ್ಲ. ಯಾರೋ ತಾಮ್ರ ತಟ್ಟಿಸಿದರು, ಸಂಸ್ಕೃತ ಬಲ್ಲವನಿಂದ ವಂಶಾವಳಿ ಬರೆಸಿದರು, ಹಳೆಯ ದೊರೆಯ ಹೆಸರು ಹಾಕಿದರು. ಇಷ್ಟೆಲ್ಲ ಶ್ರಮ ಯಾಕೆ? ಜಮೀನಿನ ವಾದ ನಿಂತಾಗ ಪಟಕ್ಕೆ ಬೆಲೆಯಿತ್ತು, ಅದಕ್ಕೆ. ಸುಳ್ಳು ಪಟ ಹುಟ್ಟಬೇಕಾದರೆ ಪಟದ ಮೇಲೆ ಜನರಿಗೆ ಗಟ್ಟಿ ನಂಬಿಕೆ ಮೊದಲೇ ಇರಬೇಕು. ಸುಟ್ಟುಹೋದ, ಕಳೆದುಹೋದ ನಿಜವಾದ ದತ್ತಿಯನ್ನೇ ನೆನಪಿನಿಂದ ಮತ್ತೆ ಬರೆಸಿದವರೂ ಇದ್ದಿರಬಹುದು. ಅಂಥವರ ಹಕ್ಕು ನಿಜ, ಕಾಗದ ಮಾತ್ರ ಸುಳ್ಳು. ಇಂಥ ಪಟವನ್ನು ಬರಿಯ ಮೋಸದ ಪಟದಿಂದ ಬೇರ್ಪಡಿಸುವುದು ಫ್ಲೀಟರ ಲಿಪಿಪರೀಕ್ಷೆಗೂ ಸುಲಭವಲ್ಲ.

ಹಿಂದಿನವರಿಗೂ ಈ ಅಪಾಯ ಗೊತ್ತಿತ್ತು. ಸುಳ್ಳು ರಾಜಶಾಸನಕ್ಕೆ ‘ಕೂಟಶಾಸನ’ ಎಂದು ಹೆಸರು. ಅದನ್ನು ಮಾಡಿದವನಿಗೆ ಮನುಸ್ಮೃತಿ ಮರಣದಂಡನೆ ಹೇಳುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಬರಹ, ಅನುಭೋಗ, ಸಾಕ್ಷಿ ಈ ಮೂರನ್ನೂ ಪ್ರಮಾಣವೆಂದು ಎಣಿಸಿತು. ಅದಕ್ಕೆ ‘ಮಿತಾಕ್ಷರಾ’ ಟೀಕೆ ಬರೆದ ವಿಜ್ಞಾನೇಶ್ವರ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು.

ಇದೇ ಸೀಮೆಯ ಲಕ್ಷ್ಮೇಶ್ವರದಲ್ಲಿ, ಅಂದಿನ ಪೊರಿಗೆರೆಯಲ್ಲಿ, ಇನ್ನೊಂದು ಬಗೆಯ ಬರಹವಿದೆ. ಅದು ಕಂಬದ ಮೇಲಿನ ಕನ್ನಡ. ಸುಮಾರು 725ರಲ್ಲಿ, ಮುಂದೆ ಇಮ್ಮಡಿ ವಿಕ್ರಮಾದಿತ್ಯನಾದ ಯುವರಾಜ, ಊರಿನ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ, ಅಂದರೆ ಪ್ರಜಾವರ್ಗಗಳಿಗೂ, ಕೊಟ್ಟ ‘ಆಚಾರವ್ಯವಸ್ಥೆ’ ಇದು. ಇದನ್ನು ಬರೀ ಅಪ್ಪಣೆ ಎನ್ನಲಾಗದು: ಊರವರು ತೆರಬೇಕಾದ್ದನ್ನು ಗೊತ್ತುಪಡಿಸುವಾಗಲೇ ರಾಜಪುರುಷರು ಏನನ್ನು ಕಾಯಬೇಕೆಂಬುದನ್ನೂ ಗೊತ್ತುಪಡಿಸಿದೆ. ಎರಡೂ ಕಡೆಯ ಹೊಣೆ ಹೀಗೆ ಒಂದೇ ಕಲ್ಲಿಗೆ ಬರಬೇಕಾದರೆ ಅದರ ಹಿಂದೆ ಮಾತುಕತೆ ನಡೆದಿರಲೇಬೇಕು ಎನ್ನಿಸುತ್ತದೆ.

ರಾಜಪುರುಷರು ಕಾಯಬೇಕಾದವುಗಳಲ್ಲಿ ವಾಸವಿಲ್ಲದ ಮನೆಗಳಿವೆ, ಅರಸನ ದತ್ತಿಯಿದೆ, ಸಜ್ಜನರ ಸಾಕ್ಷಿಯಿದೆ, ಬಹುಕಾಲದಿಂದ ಉಂಡುಬಂದ ಆಸ್ತಿಯ ಅನುಭೋಗವಿದೆ. ಅವುಗಳ ಸಾಲಿನಲ್ಲೇ ತಾಮ್ರಶಾಸನವೂ ಇದೆ.