ಸಣ್ಣ ಉದ್ದಿಮೆಗಳಲ್ಲಿ ಇಂಧನ ಉಳಿತಾಯ: ವಿಳಂಬದ ಕಾರಣಗಳು ಮತ್ತು ಪರಿಹಾರ ಕ್ರಮಗಳು

ಪೀಠಿಕೆ

ಪೀಣ್ಯದ ಯಂತ್ರಗಾರಿಕೆ ಘಟಕಗಳು, ಬೆಳಗಾವಿಯ ಎರಕದ ಕಾರ್ಖಾನೆಗಳು, ಗಂಗಾವತಿಯ ಅಕ್ಕಿ ಗಿರಣಿಗಳು ಸೇರಿದಂತೆ ರಾಜ್ಯದ ಸಣ್ಣ ಉದ್ದಿಮೆಗಳು ವಿದ್ಯುತ್ ಹಾಗೂ ಉರುವಲನ್ನು ಅವಲಂಬಿಸಿವೆ. ಇವುಗಳ ವೆಚ್ಚವನ್ನು ತಗ್ಗಿಸುವ ಸರಳ ವಿಧಾನಗಳು ಬಹುಕಾಲದಿಂದ ತಿಳಿದಿದ್ದರೂ ಅನೇಕ ಘಟಕಗಳು ಅವುಗಳನ್ನು ಅಳವಡಿಸಿಕೊಳ್ಳಲು ವಿಳಂಬಿಸುತ್ತಿವೆ. ಅದರ ಕಾರಣಗಳನ್ನೂ ಪರಿಹಾರ ಕ್ರಮಗಳನ್ನೂ ಉದ್ದಿಮೆದಾರರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

ಕಾನೂನಿನ ಹಿನ್ನೆಲೆ

ಇಂಧನ ಸಂರಕ್ಷಣಾ ಅಧಿನಿಯಮ, 2001ರ ಮೇರೆಗೆ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೋ ಸ್ಥಾಪಿತವಾಯಿತು. ಕರ್ನಾಟಕದಲ್ಲಿ ಸದರಿ ಅಧಿನಿಯಮದ ಅನುಷ್ಠಾನಕ್ಕೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತವು (ಕ್ರೆಡಲ್) ನಿಯೋಜಿತ ಸಂಸ್ಥೆಯಾಗಿದೆ. ಸಿಮೆಂಟ್, ಉಕ್ಕು ಮುಂತಾದ ವಲಯಗಳ ಗೊತ್ತುಪಡಿಸಿದ ದೊಡ್ಡ ಬಳಕೆದಾರರಿಗೆ ಇಂಧನ ಲೆಕ್ಕಪರಿಶೋಧನೆಯು ಕಡ್ಡಾಯ. ಬಹುತೇಕ ಸಣ್ಣ ಘಟಕಗಳು ಈ ವ್ಯಾಪ್ತಿಗೆ ಬಾರದಿರುವುದರಿಂದ ಉಳಿತಾಯದ ನಿರ್ಧಾರವು ಮಾಲೀಕರಿಗೇ ಬಿಟ್ಟದ್ದಾಗಿರುತ್ತದೆ.

ವಿಳಂಬಕ್ಕೆ ಕಾರಣಗಳು

1. ಹೊಣೆ ಹಂಚಿಹೋಗಿರುವುದು: ಗಾಳಿಯ ಕೊಳವೆ ಸೋರುವ ಸದ್ದು ಯಂತ್ರ ನಡೆಸುವವರಿಗೆ ಕೇಳಿಸುತ್ತದೆ, ಆದರೆ ವಿದ್ಯುತ್ ಬಿಲ್ಲನ್ನು ಅವರು ನೋಡುವುದಿಲ್ಲ. ಬಿಲ್ ಪಾವತಿಸುವ ಲೆಕ್ಕಿಗರು ಯಂತ್ರದ ಬಳಿಗೆ ಹೋಗುವುದಿಲ್ಲ. ಮಾಲೀಕರಿಗೆ ಒಟ್ಟು ಮೊತ್ತವಷ್ಟೇ ಕಾಣುತ್ತದೆ.

2. ಖರೀದಿ ಬೆಲೆಗೆ ಮಾತ್ರ ಗಮನ: ನಿರಂತರ ಓಡುವ ಮೋಟಾರು ಒಂದೇ ವರ್ಷದಲ್ಲಿ ತನ್ನ ಬೆಲೆಯ ಹಲವು ಪಟ್ಟು ಮೊತ್ತದ ವಿದ್ಯುತ್ತನ್ನು ಬಳಸುತ್ತದೆ. ಆದಾಗ್ಯೂ ಸುಟ್ಟ ಮೋಟಾರನ್ನು ಮತ್ತೆ ಮತ್ತೆ ರಿವೈಂಡಿಂಗ್ ಮಾಡಿಸುವುದೇ ಅಗ್ಗವೆಂದು ಭಾವಿಸಲಾಗುತ್ತದೆ.

3. ಬಾಡಿಗೆ ಕಟ್ಟಡ: ಸುಧಾರಣೆಯ ವೆಚ್ಚ ಕಟ್ಟಡದ ಒಡೆಯರದು, ಉಳಿತಾಯ ಬಾಡಿಗೆದಾರರದು. ಆದ್ದರಿಂದ ಇಬ್ಬರೂ ಮುಂದಾಗುವುದಿಲ್ಲ.

4. ಉತ್ಪಾದನೆ ನಿಲ್ಲುವ ಭೀತಿ ಹಾಗೂ ದುಡಿಮೆ ಬಂಡವಾಳದ ಕೊರತೆ.

ವಿಳಂಬದ ಬೆಲೆ

7 ಬಾರ್ ಒತ್ತಡದ ಗಾಳಿಯ ಕೊಳವೆಯಲ್ಲಿ ಸುಮಾರು 3 ಮಿ.ಮೀ. ರಂಧ್ರವಿದ್ದಲ್ಲಿ ಅಂದಾಜು 3 ಕಿಲೋವ್ಯಾಟ್ ವಿದ್ಯುತ್ ವ್ಯರ್ಥವಾಗುತ್ತದೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನಗಳ ಕೆಲಸಕ್ಕೆ ಇದು 7,200 ಯೂನಿಟ್‌ಗಳಾಗುತ್ತದೆ. ಯೂನಿಟ್‌ಗೆ ರೂ. 7ರಂತೆ ಲೆಕ್ಕ ಹಾಕಿದಲ್ಲಿ ನಷ್ಟ ರೂ. 50,400. ಕೊಳವೆಯ ತುಂಡನ್ನೂ ಕ್ಲಿಪ್ಪನ್ನೂ ಬದಲಿಸಲು ತಗಲುವ ವೆಚ್ಚ ಇದರ ಅಲ್ಪಾಂಶ ಮಾತ್ರ. ದುರಸ್ತಿಯನ್ನು ಮುಂದೂಡಿದ ಪ್ರತಿ ತಿಂಗಳೂ ರೂ. 4,200 ನಷ್ಟವಾಗುತ್ತದೆ. (ದರವು ಉದಾಹರಣೆಗೆ ಮಾತ್ರ, ತಮ್ಮ ಬಿಲ್ಲಿನಲ್ಲಿರುವ ದರವನ್ನು ಬಳಸತಕ್ಕದ್ದು.)

ಕೈಗೊಳ್ಳಬಹುದಾದ ಕ್ರಮಗಳು

1. ಗಾಳಿ ಬಳಸುವ ಯಂತ್ರಗಳೆಲ್ಲವನ್ನೂ ನಿಲ್ಲಿಸಿ ಕಂಪ್ರೆಸರನ್ನು ಮಾತ್ರ ಚಾಲನೆಯಲ್ಲಿಡುವುದು. ಅದು ಆಗಾಗ್ಗೆ ಲೋಡ್ ಆಗುತ್ತಿದ್ದಲ್ಲಿ ಸೋರಿಕೆಯಿದೆಯೆಂದು ತಿಳಿಯುವುದು.

2. ಅಗತ್ಯಕ್ಕಿಂತ ಹೆಚ್ಚಿನ ಒತ್ತಡವನ್ನು 1 ಬಾರ್‌ನಷ್ಟು ತಗ್ಗಿಸಿದಲ್ಲಿ ಕಂಪ್ರೆಸರಿನ ವಿದ್ಯುತ್ ಬಳಕೆ ಶೇ. 6ರಿಂದ 10ರಷ್ಟು ಕಡಿಮೆಯಾಗುತ್ತದೆ.

3. ಬಾಯ್ಲರಿಗೆ ಹೋಗುವ ನೀರನ್ನು ವ್ಯರ್ಥವಾಗುವ ಶಾಖದಿಂದ ಕಾಯಿಸಿದಲ್ಲಿ, ಏರುವ ಪ್ರತಿ 6 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 1ರಷ್ಟು ಉರುವಲು ಉಳಿಯುತ್ತದೆ.

4. ದೊಡ್ಡ ಫ್ಯಾನುಗಳ ವೇಗವನ್ನು ಶೇ. 20ರಷ್ಟು ತಗ್ಗಿಸಲು ಸಾಧ್ಯವಿದ್ದಲ್ಲಿ ವಿದ್ಯುತ್ ಬಳಕೆ ಸರಿಸುಮಾರು ಅರ್ಧಕ್ಕಿಳಿಯುತ್ತದೆ.

5. ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಂಡವಿದ್ದಲ್ಲಿ ಸೂಕ್ತ ಕೆಪಾಸಿಟರ್ ಅಳವಡಿಸುವುದು.

ಲಭ್ಯವಿರುವ ನೆರವು

ಕೇಂದ್ರ ವಿದ್ಯುತ್ ಸಚಿವಾಲಯವು 2025ರ ಜುಲೈನಲ್ಲಿ ಆರಂಭಿಸಿದ 'ಅದಿತಿ' ಯೋಜನೆಯಡಿ ಇಂಧನ ದಕ್ಷ ಯಂತ್ರೋಪಕರಣಗಳ ಸಾಲಕ್ಕೆ ಬಡ್ಡಿ ಸಹಾಯಧನವನ್ನು ನಿಗದಿಪಡಿಸಲಾಗಿದೆ. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಶೇ. 5, ಮಧ್ಯಮ ಉದ್ದಿಮೆಗಳಿಗೆ ಶೇ. 3. ಯೋಜನೆಯನ್ನು ಇಂಧನ ದಕ್ಷತಾ ಬ್ಯೂರೋ ಅನುಷ್ಠಾನಗೊಳಿಸುತ್ತದೆ. ಯೋಜನೆಯು ನಿಗದಿತ ವಲಯಗಳಿಗೆ ಹಾಗೂ ಕೈಗಾರಿಕಾ ಸಮೂಹಗಳಿಗೆ ಅನ್ವಯಿಸುವುದರಿಂದ, ಅರ್ಹತೆಯನ್ನು ಖಚಿತಪಡಿಸಿಕೊಂಡ ನಂತರವೇ ಯಂತ್ರ ಖರೀದಿಗೆ ಮುಂದಾಗುವುದು ಸೂಕ್ತ.

ಅರ್ಜಿಗೆ ಮುನ್ನ ಸಿದ್ಧಪಡಿಸಿಕೊಳ್ಳಬೇಕಾದವು

ಹಿಂದಿನ 12 ತಿಂಗಳ ವಿದ್ಯುತ್ ಬಿಲ್ಲುಗಳು, ಉರುವಲು ಖರೀದಿಯ ವಿವರ, ಯಂತ್ರಗಳ ಸಾಮರ್ಥ್ಯ ಹಾಗೂ ದಿನದ ಚಾಲನಾ ಅವಧಿಯ ಪಟ್ಟಿ, ಉದ್ಯಮ್ ನೋಂದಣಿ ಪತ್ರ. ಪ್ರತಿ ತಿಂಗಳು ಬಳಸಿದ ಯೂನಿಟ್‌ಗಳನ್ನು ಆ ತಿಂಗಳ ಉತ್ಪಾದನೆಯಿಂದ ಭಾಗಿಸಿ, ಬಂದ ಅಂಕಿಯನ್ನು ಯಂತ್ರಶಾಲೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿಡುವುದು. ಇದಕ್ಕೆ ಯಾರ ಅನುಮತಿಯಾಗಲಿ ಸಾಲವಾಗಲಿ ಬೇಕಾಗಿರುವುದಿಲ್ಲ.