ಗ್ಯಾಂಗ್ ಎಂಬ ಶಬ್ದ

ಬೆಂಗಳೂರಿನ ಹೊಸ ತಿಪ್ಪಸಂದ್ರದ ಪೇಟೆಬೀದಿಯಲ್ಲಿ ಈ ಶಬ್ದವು ಬಹುಮಟ್ಟಿಗೆ ನಿರುಪದ್ರವಿಯಾದುದು. ಕಾಲೇಜಿನ ಹುಡುಗರು ತಮ್ಮ ಸ್ನೇಹಿತಮಂಡಲಿಯನ್ನು ‘ನಮ್ಮ ಗ್ಯಾಂಗು’ ಎನ್ನುವರು. ರೈಲುಹಳಿಯನ್ನು ಬಿಸಿಲುಮಳೆಯೆನ್ನದೆ ಕಾಯುವ ಶ್ರಮಜೀವಿಗೆ ಗ್ಯಾಂಗ್‌ಮನ್ ಎಂಬ ಹೆಸರು ಬಹುಕಾಲದಿಂದ ಸಂದಿದೆ. ಆದರೆ ಅದೇ ಬೀದಿಯ ಟೀ ಅಂಗಡಿಯ ಟಿ.ವಿ.ಯಲ್ಲಿ ಕ್ರೈಂ ವಾರ್ತೆ ಮೊದಲಾದೊಡನೆ, ‘ಖತರ್ನಾಕ್’ ಎಂಬ ವಿಶೇಷಣವನ್ನು ತೊಟ್ಟು, ಸಿನಿಮಾ ಹಾಡಿನ ತುಣುಕನ್ನೂ ಪ್ರಾಸಬದ್ಧವಾದ ಚಟಾಕಿಯನ್ನೂ ಪರಿವಾರವಾಗಿ ಕರೆತರುವ ಗ್ಯಾಂಗು ಬೇರೆಯೇ ಜಾತಿಯದು: ಇರಾನಿ ಗ್ಯಾಂಗ್, ಓಜಿಕುಪ್ಪಂ ಗ್ಯಾಂಗ್, ಬವಾರಿಯಾ ಗ್ಯಾಂಗ್. ಒಂದರಲ್ಲಿ ಪೂರ್ವಜರ ದೇಶ, ಇನ್ನೊಂದರಲ್ಲಿ ಇಡಿಯ ಊರು, ಮತ್ತೊಂದರಲ್ಲಿ ಒಂದು ಬುಡಕಟ್ಟು. ಸರ ಕಿತ್ತವರು ನಾಲ್ವರಾದರೆ ನಗೆಗೀಡಾಗುವವರು ಸಹಸ್ರಾರು. ಬ್ಯಾಂಕಿಗೆ ಕೋಟ್ಯಂತರ ರೂಪಾಯಿ ಟೋಪಿ ಹಾಕಿದ ಸದ್ಗೃಹಸ್ಥನ ಕುಲಗೋತ್ರವನ್ನು ವಾಹಿನಿಗಳು ಹೀಗೆ ಶೀರ್ಷಿಕೆಗೇರಿಸಿದ್ದನ್ನು ನಾನಂತೂ ಕಂಡಿಲ್ಲ.

ಈ ಬಳಕೆಯು ವಾಹಿನಿಗಳ ಸ್ವಂತ ಸೃಷ್ಟಿಯಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಬುಡಕಟ್ಟು, ವರ್ಗ ಎಂಬವುಗಳ ನಡುವೆ ಗ್ಯಾಂಗ್ ಎಂಬುದನ್ನೂ ಕೂರಿಸಿ, ಅಂಥ ಸಮೂಹದಲ್ಲಿ ಹುಟ್ಟಿದ ಮಾತ್ರಕ್ಕೆ ಮನುಷ್ಯನನ್ನು ಸರ್ಕಾರದ ದಫ್ತರಿಗೆ ಸೇರಿಸಲು ಅಧಿಕಾರವಿತ್ತಿತು. 1911ರಲ್ಲಿ ಅದರ ಹಸ್ತವು ಬಳ್ಳಾರಿ, ಮಂಗಳೂರುಗಳನ್ನೊಳಗೊಂಡಿದ್ದ ಮದ್ರಾಸು ಪ್ರಾಂತಕ್ಕೂ ಚಾಚಿತು. 1952ರಲ್ಲಿ ಕಾಯಿದೆ ರದ್ದಾಗಿ ಬವಾರಿಯರೂ ‘ವಿಮುಕ್ತ’ರೆನಿಸಿದರು, ಶಬ್ದಕ್ಕೆ ಮಾತ್ರ ವಿಮುಕ್ತಿಯಾಗಲಿಲ್ಲ.

ಯೂರೋಪಿನ ರೋಮಾ ಜನರ ಪಾಡೂ ಇದೇ. ನಮ್ಮ ಹಕ್ಕಿಪಿಕ್ಕಿಯರ ವಾಗ್ರಿಯಂತೆ ಅವರ ನುಡಿಯೂ ಇಂಡೋ-ಆರ್ಯ ವರ್ಗದ್ದು. 1899ರಷ್ಟು ಹಿಂದೆಯೇ ಮ್ಯೂನಿಕ್ಕಿನ ಪೊಲೀಸರು ಅವರ ಮೇಲೆ ಕಣ್ಣಿಡಲೆಂದೇ ಒಂದು ಕಚೇರಿಯನ್ನು ತೆರೆದಿದ್ದರು. 2013ರ ಅಕ್ಟೋಬರಿನಲ್ಲಿ ಗ್ರೀಸಿನ ರೋಮಾ ಬಿಡಾರವೊಂದರಲ್ಲಿ ಹೊಂಗೂದಲ ಬಾಲೆಯೊಬ್ಬಳು ಕಂಡಾಗ, ಕದ್ದ ಕೂಸೆಂದು ಜಗತ್ತಿನ ವಾಹಿನಿಗಳು ಸಾರಿದವು. ಡಿಎನ್‌ಎ ಪರೀಕ್ಷೆಯಲ್ಲಿ ಹೆತ್ತವಳೂ ಬಲ್ಗೇರಿಯದ ರೋಮಾ ಹೆಂಗಸೆಂದು ತಿಳಿಯಿತು. ಅದರ ಬೆನ್ನಿಗೇ ಡಬ್ಲಿನ್ನಿನಲ್ಲಿ ಪೊಲೀಸರು ಕರೆದೊಯ್ದ ಹುಡುಗಿಯು ತಂದೆತಾಯಿಯರ ಸ್ವಂತ ಮಗಳೇ ಆಗಿದ್ದಳು. ಪರಸ್ಥಳದವನೆಂದರೆ ಮಕ್ಕಳ ಕಳ್ಳನೆಂಬ ಅದೇ ಗುಮಾನಿಗೆ 2018ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ರಾಜಸ್ಥಾನದ ಬಡಪಾಯಿಯೊಬ್ಬನು ಬಲಿಯಾದನು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಮೊಬೈಲಿನಲ್ಲಿ ಹರಿದದ್ದು ನಿಜ. ಆದರೆ ಜನರ ಗುಂಪೊಂದನ್ನು ಕಳ್ಳರ ಗುಂಪೆಂದೇ ತಿಳಿದು ನಗುವ ಅಭ್ಯಾಸವು ಬೆಳೆದಲ್ಲಿ ಇಂಥ ವದಂತಿಗೆ ಸಾಕ್ಷ್ಯದ ಅಗತ್ಯವೇ ಬೀಳದು.

ಹಾಸ್ಯಕ್ಕೆ ನಾನು ವಿರೋಧಿಯಲ್ಲ. ಅದು ಲಂಚಕೋರನನ್ನು ಚುಚ್ಚಲಿ, ಅಧಿಕಾರದ ಗರ್ವವನ್ನು ಚುಚ್ಚಲಿ. ಆರೋಪಿ ಯಾರು, ಆರೋಪವೇನು ಎಂದಷ್ಟೇ ಹೇಳಿ ಊರು ಕುಲಗಳನ್ನು ಬಿಟ್ಟರೆ ಶೀರ್ಷಿಕೆಯ ಪ್ರಾಸ ಕೆಟ್ಟೀತು, ಕೆಡಲಿ.